ಬಾಜೂಕ ಹಚ್ಚಾಕ ಜಾಗಾ ಇಲ್ಲದಾಗ

ಕಳೆದ ಸೆಮಿಸ್ಟರ್ ರಜೆಗೆ ಊರಿಗೆ ಹೊರಟಿದ್ದೆ. ಗದಗ ಬಿಟ್ಟು ಮುಂಡರಗಿ ದಾರಿ ಹಿಡಿದ ಬಸ್ಸು ಡಂಬಳ ದಾಟುವಷ್ಟರಲ್ಲಿ ಎಂಜಿನ್ ಕಡೆಯಿಂದ ಕಟಕಟ ಅನ್ನತೊಡಗಿತು. ಡ್ರೈವರ್ ಏನೂ ಮಾತಾಡಲಿಲ್ಲ. ಗೇರ್ ಇಳಿಸಿದರು, ಕನ್ನಡಿ ನೋಡಿದರು, ಒಂದು ಬೇವಿನ ಗಿಡದ ನೆರಳು ಹುಡುಕಿ ಗಾಡಿ ನಿಲ್ಲಿಸಿ, ಕಂಡಕ್ಟರ್ ಕಡೆಯಿಂದ ಗಾಲಿಗೆ ಕಲ್ಲು ಕೊಡಿಸಿದರು. ಆಮೇಲಷ್ಟೇ ಬಾನೆಟ್ ತೆಗೆದದ್ದು. ಮೆಕ್ಯಾನಿಕಲ್ ಓದುವ ಹುಡುಗ ಅಂತ ನಾನೂ ಇಳಿದು ಇಣುಕಿದೆ. 'ಯಣ್ಣಾ, ಸದ್ದು ಬಂದ ಕೂಡ್ಲೇ ಏನಾಗೈತಿ ಅಂತ ಗೊತ್ತಾತೇನ್ರಿ?' ಅಂದೆ. 'ತಮ್ಮಾ, ಮೊದಲ ಗಾಡಿ ಬಾಜೂಕ ಹಚ್ಚಬೇಕು. ಏನ್ ಕೆಟ್ಟೈತಿ ಅನ್ನೂದು ಆಮ್ಯಾಲಿಂದು' ಅಂದರು.

ಮುಂದಿನ ಬಸ್ಸಿಗೆ ಕಾಯುತ್ತ ಎಲ್ಲರೂ ಗಿಡದ ಕೆಳಗೆ ಕೂತೆವು. ದೂರದಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳು ತಿರುಗುತ್ತಿದ್ದವು. ಅದಕ್ಕೂ ಮೇಲೆ, ಬೆಳ್ಳಗೆ ಗೆರೆ ಎಳೆಯುತ್ತ ಒಂದು ವಿಮಾನ. ಪಕ್ಕದಲ್ಲಿದ್ದ ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು ನೋಡಿ ಕೇಳಿದರು: 'ಅದು ಕೆಟ್ಟರ ಯಾರ್ ತಳ್ಳವರೋ ಯಪ್ಪಾ?'

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಬಾಜೂಕ ಹಚ್ಚಲಿಕ್ಕೆ ರಸ್ತೆ ಅಂಚು ಇಲ್ಲ, ಬೇವಿನ ಗಿಡ ಇಲ್ಲ, ಪಾನಾ ಹಿಡಿದು ಕೆಳಗೆ ಮಲಗುವಂತಿಲ್ಲ. ಹಾಗಾದರೆ ಮಾಡುವುದೇನು? ರಜೆಯಲ್ಲಿ ಒಂದಿಷ್ಟು ತನಿಖಾ ವರದಿಗಳನ್ನು ಓದಿದೆ. ಅಲ್ಲಿ ಸಿಕ್ಕಿದ್ದು ನಮ್ಮ ವರ್ಕ್‌ಶಾಪು, ನಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬು, ನಾವು ಬೇಕಾಬಿಟ್ಟಿ ಬರೆದು ಸಹಿ ಹಾಕಿಸಿಕೊಳ್ಳುವ ರೆಕಾರ್ಡ್ ಪುಸ್ತಕದ 'ಪ್ರೊಸೀಜರ್' ಅನ್ನುವ ಭಾಗ, ಎಲ್ಲಕ್ಕೂ ಸಂಬಂಧಪಟ್ಟದ್ದು. ಅದಕ್ಕೇ ಬರೀತಾ ಇದೀನಿ.

ಮೊದಲು ಅಜ್ಜಿಯ ಪ್ರಶ್ನೆಗೆ ನೇರ ಉತ್ತರ. ಆಕಾಶದಲ್ಲಿ ಯಾರೂ ಏನನ್ನೂ ರಿಪೇರಿ ಮಾಡುವುದಿಲ್ಲ. ಹಿಂದೆ ಕಾಕ್‌ಪಿಟ್‌ನಲ್ಲಿ ಫ್ಲೈಟ್ ಎಂಜಿನಿಯರ್ ಅಂತ ಮೂರನೆಯವರು ಇರುತ್ತಿದ್ದರು. ಈಗಿನ ವಿಮಾನಗಳಲ್ಲಿ ಇಬ್ಬರೇ ಪೈಲಟ್. ಅವರ ಕೈಯಲ್ಲಿರುವುದು ಇಷ್ಟು: ಕೆಟ್ಟದ್ದನ್ನು ಉಳಿದದ್ದರಿಂದ ಬೇರೆ ಮಾಡುವುದು, ಉಳಿದದ್ದರಲ್ಲಿ ಹಾರುವುದು, ಸರಿಯಾದ ಜಾಗ ನೋಡಿ ಇಳಿಯುವುದು. ಇದಕ್ಕೆ ಪೈಲಟ್‌ಗಳು ಕಲಿಯುವ ಮೊದಲ ಪಾಠ ಮೂರು ಮಾತಿನದು. ಮೊದಲು ಹಾರಿಸು, ಆಮೇಲೆ ದಾರಿ ನೋಡು, ಆಮೇಲೆ ಮಾತಾಡು. ಕೆಂಪು ದೀಪ ಹೊತ್ತಿಕೊಂಡಿರಲಿ, ಗಂಟೆ ಹೊಡೆದುಕೊಳ್ಳುತ್ತಿರಲಿ, ಮೂಗು ಎಲ್ಲಿದೆ, ರೆಕ್ಕೆ ಸಮವಾಗಿದೆಯಾ, ವೇಗ ಎಷ್ಟು ಅನ್ನುವುದೇ ಮೊದಲು. ಕಂಟ್ರೋಲ್ ಟವರ್‌ಗೆ ಹೇಳುವುದು ಕೊನೆಗೆ, ಯಾಕಂದ್ರೆ ಟವರ್‌ನಲ್ಲಿ ಕೂತವರಿಗೂ ತಳ್ಳಲಿಕ್ಕೆ ಆಗುವುದಿಲ್ಲ.

ನೆಲದಲ್ಲಿ ಇಲ್ಲದ ಒಂದು ಅನುಕೂಲ ಮೇಲೆ ಇದೆ: ಎತ್ತರ. ಮನೆ ತಾರಸಿ ಮೇಲಿನ ನೀರಿನ ಟ್ಯಾಂಕು ನೆನೆಸಿಕೊಳ್ಳಿ. ಕರೆಂಟ್ ಹೋಗಿ ಮೋಟರ್ ನಿಂತರೂ ನಲ್ಲಿಯಲ್ಲಿ ನೀರು ಬರುತ್ತೆ, ಟ್ಯಾಂಕು ಖಾಲಿಯಾಗುವವರೆಗೆ. ಎಂಜಿನ್ ನಿಂತ ವಿಮಾನವೂ ಹಾಗೇ. ಮೊದಲ ಸೆಮ್‌ನ ಎಂಜಿಎಚ್ ಅಷ್ಟೇ, ಬೇರೇನಿಲ್ಲ. ಒಂದು ಲೆಕ್ಕ ಮಾಡೋಣ. ನಮ್ಮೂರ ಮೇಲೆ 35,000 ಅಡಿಯಲ್ಲಿ ಹೋಗುವ ಒಂದು ಎ320 ವಿಮಾನದ ಎರಡೂ ಎಂಜಿನ್ ನಿಂತವು ಅಂದುಕೊಳ್ಳಿ. ಅದೆಷ್ಟು ಅಪರೂಪ ಅಂದ್ರೆ ಹೆಚ್ಚಿನ ಪೈಲಟ್‌ಗಳು ತಮ್ಮ ಇಡೀ ನೌಕರಿಯಲ್ಲಿ ಅದನ್ನು ಸಿಮ್ಯುಲೇಟರಿನಲ್ಲಿ ಬಿಟ್ಟು ಬೇರೆಲ್ಲೂ ನೋಡುವುದಿಲ್ಲ. ಆದರೂ ಲೆಕ್ಕಕ್ಕೆ ತಗೊಳ್ಳೋಣ. 35,000 ಅಡಿ ಅಂದರೆ ಸುಮಾರು 10.7 ಕಿಲೋಮೀಟರ್. ಹುಬ್ಬಳ್ಳಿ ವಿಮಾನ ನಿಲ್ದಾಣವೇ ಸಮುದ್ರ ಮಟ್ಟದಿಂದ 660 ಮೀಟರ್ ಮೇಲಿದೆ, ಅದನ್ನು ಕಳೆಯಿರಿ. ಕೈಯಲ್ಲಿ 10 ಕಿಲೋಮೀಟರ್ ಎತ್ತರ ಉಳೀತು. ಇಂಥ ವಿಮಾನ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 17 ಮೀಟರ್ ಮುಂದೆ ಜಾರುತ್ತೆ. ತಿರುವು, ಗಾಳಿ ಎಲ್ಲ ಕಳೆದು 15 ಹಿಡಿಯಿರಿ. 150 ಕಿಲೋಮೀಟರ್, ಸುಮಾರು 20 ನಿಮಿಷ.

ಮುಂಡರಗಿಯಿಂದ ನೇರ ಗೆರೆಯಲ್ಲಿ ಹುಬ್ಬಳ್ಳಿ ಸುಮಾರು 87 ಕಿಲೋಮೀಟರ್. ಪೂರ್ವಕ್ಕೆ ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟ್ 81. ಕೊಪ್ಪಳದ ಹತ್ತಿರ ಒಂದು ಸಣ್ಣ ಖಾಸಗಿ ಏರ್‌ಸ್ಟ್ರಿಪ್ ಇದೆ, ಅದು ಇನ್ನೂ ಹತ್ತಿರ. ಬೆಳಗಾವಿಯ ಸಾಂಬ್ರಾ 155ರ ಹತ್ತಿರ, ಆಸೆ ಬಿಡಿ. ಈಗ ನೀವೇ ಕ್ಯಾಪ್ಟನ್, ಎಲ್ಲಿಗೆ ತಿರುಗಿಸ್ತೀರಿ? ನಾನು ಮೊದಲು ವಿದ್ಯಾನಗರ ಅಂದೆ, ಹತ್ತಿರ ಅಂತ. ಆದರೆ ಹುಬ್ಬಳ್ಳಿಯ ರನ್‌ವೇ 2,600 ಮೀಟರ್, ವಿದ್ಯಾನಗರದ್ದು ಅದಕ್ಕಿಂತ ಗಿಡ್ಡ. ಎಂಜಿನ್ ಇಲ್ಲದೆ ಬರುವ ವಿಮಾನಕ್ಕೆ ಎರಡನೇ ಪ್ರಯತ್ನ ಇಲ್ಲ, ರಿವರ್ಸ್ ಥ್ರಸ್ಟ್ ಇಲ್ಲ. ಆರು ಕಿಲೋಮೀಟರ್ ಉಳಿಸಿ ಸಾವಿರಾರು ಅಡಿ ರನ್‌ವೇ ಕಳೆದುಕೊಳ್ಳುವುದು ದಡ್ಡತನ. ದಾರಿ ನೋಡು ಅನ್ನುವ ಎರಡನೇ ಮಾತಿನಲ್ಲಿ ಇದೆಲ್ಲ ಅಡಗಿದೆ.

ಇದು ಬರೀ ಕಾಗದದ ಲೆಕ್ಕ ಅಂದ್ಕೋಬೇಡಿ. 2001ರ ಆಗಸ್ಟ್ 24ರಂದು ಏರ್ ಟ್ರಾನ್ಸಾಟ್ ಕಂಪನಿಯ ಎ330 ವಿಮಾನ ಅಟ್ಲಾಂಟಿಕ್ ಸಮುದ್ರದ ಮೇಲೆ ಇಂಧನ ಪೂರ್ತಿ ಖಾಲಿಯಾಗಿ, 306 ಜನರನ್ನು ಹೊತ್ತು, ಎಂಜಿನ್ ಇಲ್ಲದೆ ಸುಮಾರು 120 ಕಿಲೋಮೀಟರ್ ಜಾರಿ ಅಜೋರ್ಸ್ ದ್ವೀಪದಲ್ಲಿ ಇಳಿಯಿತು. ಎಲ್ಲರೂ ಬದುಕಿದರು. ಇಂಧನ ಖಾಲಿಯಾಗಿದ್ದು ಹೇಗೆ? ಎಂಜಿನ್ ಬದಲಿಸುವಾಗ ಒಂದಕ್ಕೊಂದು ಹೊಂದದ ಬಿಡಿಭಾಗ ಜೋಡಿಸಿದ್ದರು. ಹೈಡ್ರಾಲಿಕ್ ಪೈಪು ಇಂಧನದ ಪೈಪಿಗೆ ಉಜ್ಜಿ ಉಜ್ಜಿ ತೂತು ಬಿತ್ತು. ಒಂದು ಕಡೆಯ ಟ್ಯಾಂಕಿನಲ್ಲಿ ಇಂಧನ ಕಡಿಮೆ ಆಗುತ್ತಿರುವುದು ಕಂಡಾಗ ಪೈಲಟ್‌ಗಳು ಚೆಕ್‌ಲಿಸ್ಟ್ ತೆಗೆಯದೆ, ನೆನಪಿನಿಂದಲೇ, ಎರಡೂ ಕಡೆ ಸೇರಿಸುವ ವಾಲ್ವ್ ತೆರೆದರು. ಸೋರಿಕೆ ಇದ್ದರೆ ತೆರೆಯಬೇಡಿ ಅನ್ನುವ ಎಚ್ಚರಿಕೆ ಆ ಪುಟದಲ್ಲಿತ್ತು. ಒಳ್ಳೆಯ ಕಡೆಯ ಇಂಧನವೂ ಅದೇ ತೂತಿನಿಂದ ಸಮುದ್ರಕ್ಕೆ ಹೋಯ್ತು. ಅದೇ ಪೈಲಟ್‌ಗಳು ಆಮೇಲೆ ಅಷ್ಟು ಚೆನ್ನಾಗಿ ಇಳಿಸಿದರು. ಎರಡೂ ನಿಜ. ಒಬ್ಬರನ್ನು ಹೀರೋ ಅಥವಾ ವಿಲನ್ ಮಾಡಿ ಮುಗಿಸುವ ನಮ್ಮ ಸಿನಿಮಾ ಬುದ್ಧಿ ಇಲ್ಲಿ ನಡೆಯೋದಿಲ್ಲ.

ಎತ್ತರ ಇದ್ದಾಗ ಪುಟ ತಿರುವಿ ಓದಲಿಕ್ಕೆ ಸಮಯ ಇರುತ್ತೆ. ಇಲ್ಲದಿದ್ದಾಗ? ಅತಿ ಕಷ್ಟದ ಘಳಿಗೆ ಅಂದರೆ ಟೇಕಾಫ್. ಟ್ಯಾಂಕು ಇನ್ನೂ ತುಂಬಿಲ್ಲ, ಆಗಲೇ ಮೋಟರ್ ನಿಂತ ಹಾಗೆ.

ಹುಬ್ಬಳ್ಳಿಗೆ ಬಂದು ಹೋಗುವ ಎಟಿಆರ್ 72 ನೋಡಿರ್ತೀರಿ, ರೆಕ್ಕೆ ಮೇಲಿದ್ದು ಎರಡು ಪ್ರೊಪೆಲ್ಲರ್ ಇರುವುದು. ಇಂಥದ್ದಾಗಲಿ, ದೊಡ್ಡ ಜೆಟ್ ಆಗಲಿ, ಪ್ರತಿ ಟೇಕಾಫ್‌ಗೂ ಮುಂಚೆ ಒಂದು ವೇಗ ಲೆಕ್ಕ ಹಾಕಿ ಇಟ್ಟಿರ್ತಾರೆ, ವಿ-1 ಅಂತ. ವಿಮಾನದ ತೂಕ, ರನ್‌ವೇ ಉದ್ದ, ಅವತ್ತಿನ ಬಿಸಿಲು, ಗಾಳಿ ಎಲ್ಲ ಅದರಲ್ಲಿ ಬರುತ್ತೆ. ಆ ವೇಗಕ್ಕಿಂತ ಮೊದಲು ಎಂಜಿನ್ ಕೈಕೊಟ್ಟರೆ ಬ್ರೇಕ್. ದಾಟಿದ ಮೇಲೆ ಕೈಕೊಟ್ಟರೆ ನಿಲ್ಲಿಸುವ ಮಾತೇ ಇಲ್ಲ, ಒಂದೇ ಎಂಜಿನ್‌ನಲ್ಲಿ ಏರಬೇಕು. ನಿಲ್ಲಿಸುವ ನಿರ್ಧಾರ ಮಾಡುವ ಕ್ಯಾಪ್ಟನ್ 'ವಿ-1' ಅಂತ ಕೂಗು ಬಂದ ಕೂಡಲೇ ಥ್ರಸ್ಟ್ ಲಿವರ್ ಮೇಲಿಂದ ಕೈಯನ್ನೇ ತೆಗೆದುಬಿಡುತ್ತಾರೆ. ಕೈ ಅಲ್ಲೇ ಇದ್ದರೆ ಮನಸ್ಸು ಹಿಂದೆ ಎಳೆದೀತು ಅಂತ. ಗಮನಿಸಿ, ನಿರ್ಧಾರ ಆಗಿದ್ದು ಗೇಟಿನಲ್ಲಿ ನಿಂತಿದ್ದಾಗ, ಗಾಬರಿ ಇಲ್ಲದ ತಲೆಯಿಂದ.

ಒಂದೇ ಎಂಜಿನ್‌ನಲ್ಲಿ ಏರುತ್ತಾ ಅಂದ್ರೆ, ಏರಲೇಬೇಕು ಅಂತಲೇ ಸರ್ಟಿಫಿಕೇಟ್ ಕೊಡುವುದು. ಗಾಲಿ ಮೇಲೆ ಮಡಚಿದ ಮೇಲೆ ಎರಡು ಎಂಜಿನ್‌ನ ವಿಮಾನ ಒಂದರಲ್ಲೇ ಕನಿಷ್ಠ 2.4 ಶೇಕಡಾ ಏರಿನಲ್ಲಿ ಹೋಗುವಂತಿರಬೇಕು, ಅಂದರೆ ನೂರು ಮೀಟರ್ ಮುಂದೆ ಹೋದರೆ 2.4 ಮೀಟರ್ ಮೇಲೆ. ತೀರಾ ಸಣ್ಣ ಏರು, ಆದರೂ ಏರು. ತೊಂದರೆ ಇರುವುದು ಬೇರೆ ಕಡೆ. ಒಂದು ಕಡೆ ಮಾತ್ರ ಥ್ರಸ್ಟ್ ಇದ್ದರೆ ವಿಮಾನ ಸತ್ತ ಎಂಜಿನ್ ಕಡೆ ತಿರುಗಲಿಕ್ಕೆ ನೋಡುತ್ತೆ. ಒಂದೇ ಎತ್ತು ಎಳೆದರೆ ಬಂಡಿ ಸೊಟ್ಟಾಗುವ ಹಾಗೆ. ಪೈಲಟ್ ಒಂದು ಕಾಲಿನಿಂದ ರಡ್ಡರ್ ಪೆಡಲ್ ಒತ್ತಿ ನೇರ ಹಿಡೀತಾರೆ. ಇನ್ನೊಂದು ಕಾಲಿಗೆ ಕೆಲಸ ಇಲ್ಲ. ಯಾವ ಕಾಲಿಗೆ ಕೆಲಸ ಇಲ್ಲವೋ ಆ ಕಡೆ ಎಂಜಿನ್ ಸತ್ತಿದೆ ಅಂತ ಲೆಕ್ಕ. ಮೀಟರ್ ಓದಲಿಕ್ಕೂ ಮುಂಚೆ ಕಾಲು ಹೇಳಿಬಿಡುತ್ತೆ.

ಪ್ರೊಪೆಲ್ಲರ್ ವಿಮಾನದಲ್ಲಿ ಇನ್ನೊಂದಿದೆ. ಬಸ್ಸಿನ ಕಿಟಕಿಯಿಂದ ಅಂಗೈ ಅಗಲವಾಗಿ ಹೊರಗೆ ಹಿಡಿಯಿರಿ, ಗಾಳಿ ತಳ್ಳುತ್ತೆ. ಅಡ್ಡ ತಿರುಗಿಸಿ, ಗಾಳಿ ಸೀಳಿಕೊಂಡು ಹೋಗುತ್ತೆ. (ಕಂಡಕ್ಟರ್ ಬೈದರೆ ನನ್ನ ಹೆಸರು ಹೇಳಬೇಡಿ.) ಸತ್ತ ಎಂಜಿನ್‌ನ ಪ್ರೊಪೆಲ್ಲರ್ ಗಾಳಿಗೆ ಅಗಲವಾಗಿ ನಿಂತರೆ ಒಂದು ದೊಡ್ಡ ತಟ್ಟೆ ಅಡ್ಡ ಹಿಡಿದಂತೆ, ವಿಮಾನವನ್ನು ಹಿಂದಕ್ಕೆ ಎಳೆಯುತ್ತೆ. ಅದಕ್ಕೇ ಬ್ಲೇಡ್‌ಗಳನ್ನು ಗಾಳಿಗೆ ಅಂಚು ಮಾಡಿ ತಿರುಗಿಸಿ ಇಡಬೇಕು. ಇದಕ್ಕೆ ಫೆದರ್ ಮಾಡೋದು ಅಂತಾರೆ. ಎಟಿಆರ್‌ನಲ್ಲಿ ಟೇಕಾಫ್ ಹೊತ್ತಿಗೆ ಇದನ್ನು ಮಾಡಲಿಕ್ಕೆ ಆಟೋಫೆದರ್ ವ್ಯವಸ್ಥೆಯೇ ಇದೆ: ಒಂದು ಎಂಜಿನ್‌ನ ಟಾರ್ಕ್ ಬಿತ್ತು ಅಂತ ಸೆನ್ಸರ್ ಹೇಳಿದರೆ ಆ ಪ್ರೊಪೆಲ್ಲರ್ ತಾನೇ ಫೆದರ್ ಆಗುತ್ತೆ, ಇನ್ನೊಂದು ಎಂಜಿನ್ ತಾನೇ ಶಕ್ತಿ ಏರಿಸಿಕೊಳ್ಳುತ್ತೆ.

ಪೈಲಟ್‌ಗಳು ಏನು ಮಾಡ್ತಾರೆ? ಸಾಮಾನ್ಯವಾಗಿ ಮೊದಲ 400 ಅಡಿ ಏರುವವರೆಗೆ ಏನೂ ಇಲ್ಲ! ನೇರ ಹಿಡಿದು ಗಾಲಿ ಮೇಲೆತ್ತುವುದು, ಅಷ್ಟೇ. ಆಮೇಲೆ ಬಾಯಿಪಾಠ ಇರುವ ಒಂದಷ್ಟು ಹೆಜ್ಜೆ. ಪುಟ ಹುಡುಕಲು ಸಮಯ ಇಲ್ಲದ ಕೆಲವೇ ತೊಂದರೆಗಳಿಗೆ ಮಾತ್ರ ಬಾಯಿಪಾಠ, ಉಳಿದದ್ದೆಲ್ಲ ಓದಿಯೇ ಮಾಡಬೇಕು. ಬೋಯಿಂಗ್ 737ರಲ್ಲಿ ಎಂಜಿನ್‌ಗೆ ಬೆಂಕಿ ಬಿದ್ದರೆ: ಆಟೋಥ್ರಾಟಲ್ ಬಿಡಿಸು, ಆ ಕಡೆಯ ಥ್ರಸ್ಟ್ ಲಿವರ್ ಹಿಂದಕ್ಕೆ, ಇಂಧನದ ಲಿವರ್ ಬಂದ್, ಬೆಂಕಿಯ ಹಿಡಿ ಎಳೆ. ಹಿಡಿ ಎಳೆದರೆ ಆ ಎಂಜಿನ್‌ಗೆ ಇಂಧನ, ಹೈಡ್ರಾಲಿಕ್ ಎಲ್ಲ ಕಡಿತ. ದೀಪ ಆರದಿದ್ದರೆ ಹಿಡಿ ತಿರುಗಿಸಿ ಒಂದು ಬಾಟಲಿ ಬೆಂಕಿ ಆರಿಸುವ ಅನಿಲ ಬಿಡಬೇಕು. ಆಮೇಲೆ 30 ಸೆಕೆಂಡ್ ಕಾಯಬೇಕು. ಇನ್ನೂ ಉರೀತಿದ್ದರೆ ಎರಡನೇ ಬಾಟಲಿ. ಬೆಂಕಿ ದೀಪ ನೋಡುತ್ತ 30 ಸೆಕೆಂಡ್ ಸುಮ್ಮನೆ ಕೂರುವುದು ಹೇಗಿರುತ್ತೆ ಅಂತ ಈಗಲೇ ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟು ನೋಡಿ.

ಬೆಂಕಿಯ ಮಾತು ನಮಗೆ ದೂರದ್ದಲ್ಲ. 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದ ಬಲಗಡೆ ಎಂಜಿನ್‌ನಲ್ಲಿ ಬೆಂಕಿ ಕಾಣಿಸಿ, ತಿರುಗಿ ಬೆಂಗಳೂರಿಗೇ ಬಂದು ಇಳಿಯಿತು. 179 ಪ್ರಯಾಣಿಕರು, 6 ಸಿಬ್ಬಂದಿ. ಎಲ್ಲರೂ ಜಾರುಬಂಡೆಯಿಂದ ಇಳಿದು ಪಾರಾದರು, ಇಳಿಯುವ ಗಡಿಬಿಡಿಯಲ್ಲಿ ಕೆಲವರಿಗೆ ಸಣ್ಣ ಪೆಟ್ಟು. ಪತ್ರಿಕೆಯಲ್ಲಿ ಒಂದು ದಿನದ ಸುದ್ದಿ, ಮರುದಿನ ಮರೆತೆವು.

ಆ ಬಾಯಿಪಾಠದಲ್ಲಿ ಒಂದು ಸಣ್ಣ ಶಬ್ದ ಸೇರಿಸುವುದು ಬಿಟ್ಟಿದ್ದೆ, ಬೇಕಂತಲೇ. ಲಿವರ್ ಹಿಡಿದ ಮೇಲೆ, ಎಳೆಯುವ ಮುಂಚೆ, 'ಕನ್ಫರ್ಮ್' ಅಂತ ಇದೆ. ಒಬ್ಬರು ಕೈ ಇಟ್ಟು ಕೇಳಬೇಕು, ಇನ್ನೊಬ್ಬರು ಕಣ್ಣಿಟ್ಟು ನೋಡಿ ಹೌದು ಅನ್ನಬೇಕು. ಆಗ ಮಾತ್ರ ಎಳೆಯಬೇಕು. ಒಂದೆರಡು ಸೆಕೆಂಡಿನ ಕೆಲಸ. ಆ ಒಂದೆರಡು ಸೆಕೆಂಡಿನ ಬೆಲೆ ಏನು ಅಂತ 2015ರ ಫೆಬ್ರವರಿ 4ರಂದು ತೈಪೆ ನಗರದಲ್ಲಿ ಗೊತ್ತಾಯ್ತು.

ಟ್ರಾನ್ಸ್‌ಏಷ್ಯಾ 235, ಎಟಿಆರ್ 72-600, 58 ಜನ. ಓಟ ಶುರುವಾದಾಗಲೇ ಆಟೋಫೆದರ್ ವ್ಯವಸ್ಥೆ ಸಜ್ಜಾಗಿರಲಿಲ್ಲ. ನಿಯಮದ ಪ್ರಕಾರ ಅಲ್ಲೇ ನಿಲ್ಲಿಸಬೇಕಿತ್ತು, ಮುಂದುವರಿದರು. ಸುಮಾರು 1,200 ಅಡಿಯಲ್ಲಿ ಎರಡನೇ ಎಂಜಿನ್‌ನ ಪ್ರೊಪೆಲ್ಲರ್ ತಾನಾಗೇ ಫೆದರ್ ಆಯ್ತು. ಎಂಜಿನ್ ಕೆಟ್ಟಿರಲಿಲ್ಲ. ಟಾರ್ಕ್ ಸೆನ್ಸರ್‌ನಿಂದ ಬರುವ ಸಿಗ್ನಲ್ ತುಂಡುತುಂಡಾಗಿ ಬರುತ್ತಿತ್ತು, ಟಾರ್ಕ್ ಬಿದ್ದಿದೆ ಅಂತ ವ್ಯವಸ್ಥೆ ತಿಳಿದುಕೊಂಡಿತು. ಆಟೋಫೆದರ್ ಘಟಕದೊಳಗೆ ಸೋಲ್ಡರ್ ಜಾಯಿಂಟ್ ದುರ್ಬಲವಾಗಿದ್ದದ್ದು ಇದಕ್ಕೆ ಕಾರಣ ಇರಬೇಕು ಅಂತ ತನಿಖೆ ಹೇಳಿತು. ಹೌದು, ನಾವು ಲ್ಯಾಬಿನಲ್ಲಿ 'ಏ ಹಿಡ್ಕೊಂಡಿದೆ ಬಿಡೋ' ಅಂತ ಮುಂದೆ ಹೋಗ್ತೀವಲ್ಲ, ಅದೇ ಸೋಲ್ಡರ್ ಜಾಯಿಂಟು.

ಅಷ್ಟಾದರೂ ಏನೂ ಆಗಬೇಕಿರಲಿಲ್ಲ. ಒಂದನೇ ಎಂಜಿನ್ ಚೆನ್ನಾಗಿತ್ತು, ಶಕ್ತಿಯನ್ನೂ ಏರಿಸಿಕೊಂಡಿತ್ತು. ಎಚ್ಚರಿಕೆ ಬಂದ ಕೆಲವೇ ಸೆಕೆಂಡಿನಲ್ಲಿ ಹಾರಿಸುತ್ತಿದ್ದ ಕ್ಯಾಪ್ಟನ್ ಒಂದನೇ ಎಂಜಿನ್‌ನ ಲಿವರ್ ಹಿಂದಕ್ಕೆ ಎಳೀತೀನಿ ಅಂದರು. ಪಕ್ಕದವರು ತಡೀರಿ, ನೋಡೋಣ ಅಂದರು. ಅಷ್ಟರಲ್ಲಿ ಎಳೆದಾಗಿತ್ತು. ಆಮೇಲೆ ಆ ಒಳ್ಳೆಯ ಎಂಜಿನ್ ಪೂರ್ತಿ ಬಂದ್. ತಪ್ಪು ಲಿವರ್ ಅಂತ ಗೊತ್ತಾಗಿ ಮತ್ತೆ ಚಾಲೂ ಮಾಡಲು ನೋಡುವಷ್ಟರಲ್ಲಿ ಎತ್ತರ ಮುಗಿದಿತ್ತು. ರೆಕ್ಕೆ ಮೇಲ್ಸೇತುವೆಗೆ ತಗುಲಿ ವಿಮಾನ ನದಿಗೆ ಬಿತ್ತು. 43 ಜನ ಹೋದರು. ಮೊದಲ ಎಚ್ಚರಿಕೆಯಿಂದ ಅಲ್ಲಿಯವರೆಗೆ ಸುಮಾರು ಎರಡು ನಿಮಿಷ. ಆ ಎರಡು ನಿಮಿಷವನ್ನು ಐದು ಸೆಕೆಂಡಿನಲ್ಲಿ ಖರ್ಚು ಮಾಡಿದ್ದರು. ನಮ್ಮ ಬಸ್ ಡ್ರೈವರ್ ಅಣ್ಣನ ಮಾತು ನನಗೆ ಇಲ್ಲಿ ನೆನಪಾಯ್ತು: ಏನ್ ಕೆಟ್ಟೈತಿ ಅನ್ನೂದು ಆಮ್ಯಾಲಿಂದು.

ನಿಧಾನದ ತೊಂದರೆಗಳು ಬೇರೆ ಥರ. 2024ರ ಅಕ್ಟೋಬರ್ 11ರ ಸಂಜೆ ಹಾಸ್ಟೆಲ್ ಟಿವಿ ಹಾಲ್‌ನಲ್ಲಿ ಇದ್ದವರಿಗೆ ನೆನಪಿರಬೇಕು. ತಿರುಚಿರಾಪಳ್ಳಿಯಿಂದ ಶಾರ್ಜಾಕ್ಕೆ 141 ಪ್ರಯಾಣಿಕರೊಂದಿಗೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 737 ವಿಮಾನಕ್ಕೆ ಹೈಡ್ರಾಲಿಕ್ ತೊಂದರೆ. ಎರಡು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲಿ ಸುತ್ತು. ಚಾನೆಲ್‌ಗಳಲ್ಲಿ ನೇರಪ್ರಸಾರ, ನಕಾಶೆ ಮೇಲೆ ಹಳದಿ ವಿಮಾನ ಗಿರಗಿರ ತಿರುಗುವುದು, ಆಂಕರ್ ಉಸಿರುಗಟ್ಟಿ ಕೂಗುವುದು. 'ಇಳಿಸಲಿಕ್ಕೆ ಆಗ್ತಿಲ್ಲವಂತೆ' ಅಂತ ನಮ್ಮ ರೂಮ್‌ಮೇಟ್ ಕೈಮುಗಿದು ಕೂತಿದ್ದ.

ಸುತ್ತಿದ್ದು ಯಾಕೆ? ತೂಕ ಇಳಿಸಲಿಕ್ಕೆ. 737-800 ಗರಿಷ್ಠ ಸುಮಾರು 79 ಟನ್ ತೂಕದಲ್ಲಿ ಏರಬಹುದು, ಆದರೆ ಇಳಿಯುವಾಗ ಮಿತಿ ಸುಮಾರು 66 ಟನ್. ಶಾರ್ಜಾದವರೆಗೆ ಸುಡಬೇಕಿದ್ದ ಇಂಧನ ಇನ್ನೂ ಟ್ಯಾಂಕಿನಲ್ಲಿದೆ. ದೊಡ್ಡ ವಿಮಾನಗಳಿಗೆ ಇಂಧನ ಗಾಳಿಗೆ ಚೆಲ್ಲುವ ವ್ಯವಸ್ಥೆ ಇರುತ್ತೆ, 737ಕ್ಕೆ ಇಲ್ಲ. ಗಂಟೆಗೆ ಸುಮಾರು ಎರಡೂವರೆ ಟನ್ ಸುಡುತ್ತೆ ಅಂತ ಹಿಡಿದರೆ ಎರಡು ಗಂಟೆಯ ಲೆಕ್ಕ ನಿಮಗೇ ಸಿಗುತ್ತೆ. ಹೈಡ್ರಾಲಿಕ್ ತೊಂದರೆ ಇದ್ದಾಗ ಭಾರವಾಗಿ, ಜೋರಾಗಿ ಬಂದು ಇಳಿಯುವುದಕ್ಕಿಂತ ಹಗುರಾಗಿ ಬರುವುದು ವಾಸಿ. ಆ ವಿಮಾನದಲ್ಲಿ ಎ, ಬಿ ಅಂತ ಎರಡು ಮುಖ್ಯ ಹೈಡ್ರಾಲಿಕ್ ವ್ಯವಸ್ಥೆ, ಮೇಲೊಂದು ಸ್ಟ್ಯಾಂಡ್‌ಬೈ. ಒಂದು ಹೋದರೆ ಯಾವ ಬ್ರೇಕು, ಯಾವ ಸ್ಪಾಯ್ಲರ್, ಯಾವುದು ಉಳಿಯುತ್ತೆ ಅಂತ ಪುಟದಲ್ಲಿ ಬರೆದಿದೆ. ಗಾಲಿ ಇಳಿಸುವ ಒತ್ತಡವೇ ಹೋದರೆ ಕಾಕ್‌ಪಿಟ್ ನೆಲದಲ್ಲಿರುವ ಹಿಡಿಗಳನ್ನು ಎಳೆದರೆ ಸಾಕು, ಗಾಲಿ ಸ್ವಂತ ಭಾರಕ್ಕೆ ಕೆಳಗೆ ಬೀಳುತ್ತೆ. ಗುರುತ್ವಾಕರ್ಷಣೆ ಕೈಕೊಟ್ಟ ದಾಖಲೆ ಇಲ್ಲ. ರಾತ್ರಿ ಎಂಟೂಕಾಲಿನ ಸುಮಾರಿಗೆ ಅದೇ ತಿರುಚಿರಾಪಳ್ಳಿಯಲ್ಲಿ ಮಾಮೂಲಿನಂತೆ ಇಳಿಯಿತು. ಟಿವಿ ಮುಂದೆ ನಾವು ಒದ್ದಾಡುತ್ತಿದ್ದ ಎರಡು ಗಂಟೆ, ಮೇಲಿದ್ದವರಿಗೆ ಪುಟ ಓದಿ, ಲೆಕ್ಕ ಹಾಕಿ, ಮತ್ತೊಮ್ಮೆ ಓದುವ ಸಮಯ.

ಪುಟಗಳೇ ಮುಗಿಯದಷ್ಟು ಕೆಟ್ಟರೆ? 2010ರ ನವೆಂಬರ್ 4ರಂದು ಕ್ವಾಂಟಾಸ್ ಕಂಪನಿಯ ಎ380 ವಿಮಾನ 469 ಜನರೊಂದಿಗೆ ಸಿಂಗಪುರ ಬಿಟ್ಟ ಕೆಲವೇ ನಿಮಿಷಕ್ಕೆ ಎರಡನೇ ಎಂಜಿನ್‌ನ ಟರ್ಬೈನ್ ಡಿಸ್ಕ್ ಒಡೆದು ಚೂರುಗಳು ರೆಕ್ಕೆಯನ್ನೇ ತೂರಿಕೊಂಡು ಹೋದವು. ವೈರು, ಇಂಧನದ ಟ್ಯಾಂಕು, ಹೈಡ್ರಾಲಿಕ್ ಎಲ್ಲಕ್ಕೂ ಪೆಟ್ಟು. ಪರದೆ ಮೇಲೆ ಒಂದರ ಹಿಂದೆ ಒಂದು ಚೆಕ್‌ಲಿಸ್ಟ್. ಅವನ್ನು ಮುಗಿಸಲಿಕ್ಕೇ ಸುಮಾರು 50 ನಿಮಿಷ. ಅದೃಷ್ಟಕ್ಕೆ ಅವತ್ತು ಕಾಕ್‌ಪಿಟ್‌ನಲ್ಲಿ ಐದು ಜನ ಪೈಲಟ್‌ಗಳಿದ್ದರು. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ ಆಮೇಲೆ ಹೇಳಿಕೊಂಡ ಒಂದು ವಿಷಯ ನನಗೆ ಬಹಳ ಹಿಡಿಸಿತು. ಕೆಟ್ಟದ್ದನ್ನು ಎಣಿಸುತ್ತ ಹೋದರೆ ತಲೆ ಕೆಡುತ್ತಿತ್ತು, ಅದಕ್ಕೆ ಲೆಕ್ಕವನ್ನು ತಿರುಗಿಸಿ ಏನೇನು ಉಳಿದಿದೆ ಅಂತ ನೋಡತೊಡಗಿದರಂತೆ. ಉಳಿದದ್ದರಲ್ಲಿ ಒಂದು ಸಣ್ಣ ವಿಮಾನ ಕಟ್ಟಿಕೊಂಡರೆ ಅದನ್ನು ಹಾರಿಸಬಹುದು. ಸುಮಾರು ಎರಡು ಗಂಟೆಯ ನಂತರ ಸಿಂಗಪುರದಲ್ಲೇ ಇಳಿಸಿದರು, ಯಾರಿಗೂ ಏನೂ ಆಗಲಿಲ್ಲ.

ಒಡೆದದ್ದು ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದು ಒಂದು ಸಣ್ಣ ಎಣ್ಣೆ ಪೈಪು. ಅದರ ಕೌಂಟರ್‌ಬೋರ್ ನಡುವಿಗೆ ಸರಿಯಾಗಿ ಕೂರದೆ ಸ್ವಲ್ಪ ವಾರೆಯಾಗಿತ್ತು, ಒಂದು ಕಡೆ ಗೋಡೆ ತೆಳುವಾಗಿತ್ತು. ಅಲ್ಲಿ ಬಿರುಕು ಬಿಟ್ಟು, ಎಣ್ಣೆ ಸೋರಿ, ಒಳಗೆ ಬೆಂಕಿ ಹತ್ತಿ, ಡಿಸ್ಕ್ ಒಡೆಯಿತು. ಕೌಂಟರ್‌ಬೋರ್! ವರ್ಕ್‌ಶಾಪಿನಲ್ಲಿ ಸೆಂಟರ್ ತಪ್ಪಿದ ಜಾಬ್ ತೋರಿಸಿ 'ಸರ್, ಸ್ವಲ್ಪೇ ಸ್ವಲ್ಪ ಸರ್' ಅಂತ ಮಾರ್ಕ್ಸ್ ಬೇಡಿದ್ದು ನನಗೊಬ್ಬನಿಗೇ ಅಲ್ಲ ತಾನೆ ನೆನಪಾಗೋದು?

ಇಷ್ಟು ಹೊತ್ತು ಪುಟ, ಪುಟ ಅಂತ ಹೇಳಿದೆನಲ್ಲ, ಅದು ಬಂದಿದ್ದೇ ಒಂದು ಅಪಘಾತದಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್‌ನ ಹೊಸ ಬಾಂಬರ್, ಮಾದರಿ 299, ಏರಿದ ಕೂಡಲೇ ಬಿತ್ತು. ಗಾಳಿಗೆ ಅಲುಗಾಡದಿರಲಿ ಅಂತ ನಿಲ್ಲಿಸಿದಾಗ ಹಾಕುವ ಲಾಕ್ ತೆಗೆಯುವುದನ್ನು ಮರೆತಿದ್ದರು. ಹಾರಿಸುತ್ತಿದ್ದವರು ನುರಿತ ಪೈಲಟ್. ವಿಮಾನ ಕೆಟ್ಟದ್ದಲ್ಲ, ಆದರೆ ಒಬ್ಬ ಮನುಷ್ಯ ನೆನಪಿಡಬೇಕಾದ ಸಂಗತಿಗಳು ಕೈಮೀರಿವೆ ಅಂತ ತಿಳಿದು, ಪಟ್ಟಿ ಬರೆದು ಕೈಗೆ ಕೊಟ್ಟರು. ಮುಂದೆ ಅದೇ ವಿಮಾನ ಬಿ-17 ಆಯ್ತು.

ಪೈಲಟ್ ಆ ಪುಟವನ್ನು ನಂಬಲೇಬೇಕು. ಆಕಾಶದಲ್ಲಿ ಕೂತು ಪುಟ ಸರಿಯೋ ತಪ್ಪೋ ಅಂತ ಪರೀಕ್ಷೆ ಮಾಡಲು ಆಗುವುದಿಲ್ಲ. ಹಾಗಾದರೆ ಪುಟವೇ ತಪ್ಪಿದ್ದರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ತೈಪೆಗೂ ಸಿಂಗಪುರಕ್ಕೂ ಹೋಗಬೇಕಿಲ್ಲ, ಬಿಡದಿ ಸಾಕು.

ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್‌ಎಎಲ್, 'ಸಾರಸ್' ಅಂತ 14 ಸೀಟಿನ ವಿಮಾನ ತಯಾರಿಸುತ್ತಿತ್ತು. ಬಾಲದ ಹತ್ತಿರ ಎರಡು ಎಂಜಿನ್, ಹಿಂದಕ್ಕೆ ಮುಖ ಮಾಡಿ ತಳ್ಳುವ ಪ್ರೊಪೆಲ್ಲರ್. ಮೊದಲ ಮಾದರಿ 2004ರ ಮೇ 29ರಂದು, ಎರಡನೆಯದು 2007ರ ಏಪ್ರಿಲ್ 18ರಂದು ಹಾರಿದ್ದವು. 2009ರ ಮಾರ್ಚ್ 6ರ ಮಧ್ಯಾಹ್ನ ಎರಡನೇ ಮಾದರಿ ಪರೀಕ್ಷಾ ಹಾರಾಟಕ್ಕೆ ಹೊರಟಿತು. ಅವತ್ತಿನ ಕೆಲಸಗಳಲ್ಲಿ ಒಂದು: ಆಕಾಶದಲ್ಲೇ ಒಂದು ಎಂಜಿನ್ ಬೇಕಂತಲೇ ನಿಲ್ಲಿಸಿ ಮತ್ತೆ ಚಾಲೂ ಮಾಡಿ ನೋಡುವುದು. ಯಾಕೆ ಅಂದರೆ, ನಾಳೆ ಪ್ರಯಾಣಿಕರನ್ನು ಹೊತ್ತು ಹೋಗುವ ಪೈಲಟ್‌ಗೆ 'ಎಂಜಿನ್ ನಿಂತರೆ ಹೀಗೆ ಮಾಡಿ' ಅಂತ ಕೊಡುವ ಪುಟ ಇದ್ದೀತಲ್ಲ, ಅದನ್ನು ಯಾರಾದರೂ ಮೊದಲು ಮಾಡಿ ನೋಡಬೇಕು. ಟೆಸ್ಟ್ ಪೈಲಟ್‌ಗಳ ಕೆಲಸವೇ ಅದು. ಒಳಗಿದ್ದವರು ವಾಯುಪಡೆಯ ಮೂವರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಮತ್ತು ಫ್ಲೈಟ್ ಟೆಸ್ಟ್ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜ. ವಿಮಾನ ಬಿಡದಿ ಹತ್ತಿರದ ಶೇಷಗಿರಿಹಳ್ಳಿ ಬಳಿ ಬಿತ್ತು. ಮೂವರೂ ಉಳಿಯಲಿಲ್ಲ.

ಡಿಜಿಸಿಎ ತನಿಖೆ ಕೊಟ್ಟ ಕಾರಣವನ್ನು ನಿಧಾನ ಓದಿ. ಎಂಜಿನ್ ಮತ್ತೆ ಚಾಲೂ ಮಾಡಲು ವಿನ್ಯಾಸಕಾರರು ರೂಪಿಸಿದ್ದ ವಿಧಾನವೇ ತಪ್ಪಾಗಿತ್ತು. ಪೈಲಟ್‌ಗಳು ಅದನ್ನು ಸಾಕಷ್ಟು ಎತ್ತರ ಇಲ್ಲದಲ್ಲಿ ಅನುಸರಿಸಿದರು. ವಿಮಾನ ಬೇಗಬೇಗ ಎತ್ತರ ಕಳೆದುಕೊಂಡು ಅಸಹಜವಾಗಿ ವರ್ತಿಸಿತು. ಅದರ ಜೊತೆಗೆ ವರದಿ ಬೇರೆ ಸಂಗತಿಗಳನ್ನೂ ಹೇಳುತ್ತೆ: ಕಾಕ್‌ಪಿಟ್‌ನಲ್ಲಿ ಹೊಂದಾಣಿಕೆ ಸಾಲದಾಗಿದ್ದು, ಮೊದಲ ಪ್ರಯತ್ನ ಕೈಕೊಟ್ಟ ಮೇಲೂ ಪರೀಕ್ಷೆ ಕೈಬಿಡದೆ ಮುಂದುವರಿದದ್ದು. ಕೊನೆಗೆ ಇನ್ನೊಂದು, ನಾನು ಎರಡು ಸಲ ಓದಿದ್ದು: ಆ ವಿಧಾನವನ್ನು ಪ್ರೊಪೆಲ್ಲರ್ ತಯಾರಿಸಿದ ಕಂಪನಿಯನ್ನು ಕೇಳದೆಯೇ ರೂಪಿಸಲಾಗಿತ್ತು.

ಎಂಜಿನ್ ಕೆಟ್ಟಿರಲಿಲ್ಲ, ತಾವೇ ನಿಲ್ಲಿಸಿದ್ದು. ಪೈಲಟ್‌ಗಳು ನುರಿತವರು. ನಡುವೆ ಇದ್ದದ್ದು ಒಂದು ಪುಟ, ಅದನ್ನು ಬರೆದವರು ನಮ್ಮ ಹಾಗೆ ಎಂಜಿನಿಯರಿಂಗ್ ಓದಿದವರು, ಬುದ್ಧಿವಂತರು. ಪ್ರೊಪೆಲ್ಲರ್ ಮಾಡಿದವರಿಗೆ ಒಂದು ಪತ್ರ ಬರೆದು 'ಹೀಗೆ ಮಾಡಿದರೆ ನಿಮ್ಮ ಬ್ಲೇಡ್ ಏನು ಮಾಡುತ್ತೆ' ಅಂತ ಕೇಳುವುದಿತ್ತು. ಯಾಕೆ ಕೇಳಲಿಲ್ಲವೋ. ಗ್ರೂಪ್ ಪ್ರಾಜೆಕ್ಟಿನಲ್ಲಿ ಬೇರೆಯವರು ಬರೆದ ಕೋಡನ್ನೋ, ಬೇರೆ ಬ್ಯಾಚಿನ ಡ್ರಾಯಿಂಗನ್ನೋ ಕೇಳದೆ ನಮ್ಮದಕ್ಕೆ ಜೋಡಿಸಿ 'ವರ್ಕ್ ಆಗುತ್ತೆ' ಅಂದುಕೊಳ್ಳುವಾಗ ನಮಗೂ ಯಾಕೆ ಕೇಳಬೇಕು ಅನಿಸುವುದಿಲ್ಲ ಅನ್ನುವುದು ಮಾತ್ರ ನನಗೆ ಗೊತ್ತು.

ಅದಾದ ಮೇಲೆ ಸಾರಸ್ ಯೋಜನೆ ವರ್ಷಗಟ್ಟಲೆ ನಿಂತೇ ಹೋಯ್ತು. ಮೊದಲ ಮಾದರಿಯನ್ನೇ ಹಲವು ಕಡೆ ತಿದ್ದಿ, ಹೊಸ ಹೆಸರಿಟ್ಟು, 2018ರ ಜನವರಿ 24ರಂದು ಬೆಂಗಳೂರಿನ ಎಚ್‌ಎಎಲ್ ಏರ್‌ಪೋರ್ಟಿನಿಂದ ಮತ್ತೆ ಹಾರಿಸಿದರು. ಸುಮಾರು 40 ನಿಮಿಷ ಹಾರಿ ಇಳಿಯಿತು. ಅವತ್ತೂ ಒಳಗೆ ಕೂತವರು ವಾಯುಪಡೆಯ ಟೆಸ್ಟ್ ಪೈಲಟ್‌ಗಳೇ, ಕೈಯಲ್ಲಿ ಯಾರೋ ಬರೆದುಕೊಟ್ಟ ಪುಟಗಳನ್ನು ಹಿಡಿದುಕೊಂಡು.